ಹಿಟಾಚಿಯೊಳಗಿನ ಹೊತ್ತು: ಒಂದೇ ಒಂದು ಕಂಜಿ ಅಕ್ಷರವನ್ನು ಪೂರ್ತಿ ಕಲಿಯುವ ಬಗೆ

ಕೆರೆಯ ಹೂಳೆತ್ತಬೇಕು, ತೋಟಕ್ಕೆ ಕಾಲುವೆ ತೋಡಬೇಕು ಎಂದರೆ ನಮ್ಮ ಊರುಗಳಲ್ಲಿ ‘ಹಿಟಾಚಿ ತರಿಸಿ’ ಎನ್ನುತ್ತಾರೆ. ಯಂತ್ರ ಯಾವ ಕಂಪನಿಯದಾದರೂ ಹೆಸರು ಹಿಟಾಚಿಯೇ. ಆ ಹೆಸರಿನ ಮೊದಲಿಗೆ ಬರುವ ‘ಹಿ’ಗೆ ಜಪಾನೀ ಭಾಷೆಯಲ್ಲಿ ಸೂರ್ಯ ಎಂದು ಅರ್ಥ, ಉಳಿದದ್ದು ‘ತಚಿ’, ಎದ್ದು ನಿಲ್ಲುವುದು. ನಿಸ್ಸಾನ್ ಕಾರಿನ ಹೆಸರಿನಲ್ಲೂ ಮೊದಲು ನಿಂತಿರುವುದು ಇದೇ ಸೂರ್ಯ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಟೋಕಿಯೊ ಷೇರುಪೇಟೆಯ ಸೂಚ್ಯಂಕ ಎಂದು ಅಚ್ಚಾಗುವ ‘ನಿಕ್ಕಿ’ಯಲ್ಲೂ ಅದೇ. ಬರೆಯುವ ಅಕ್ಷರ ಒಂದು, ಓದು ಮೂರು ಬಗೆ.

ಕಂಜಿ, ಅಂದರೆ ಚೀನಾದಿಂದ ಬಂದು ಜಪಾನೀ ಬರಹದಲ್ಲಿ ನೆಲೆಸಿದ ಅಕ್ಷರಗಳನ್ನು, ಕಲಿಯಲು ಹೊರಟವರು ಮೊದಲು ಎಡವುವುದು ಇಲ್ಲೇ. ‘ಒಂದು ಅಕ್ಷರಕ್ಕೆ ಇಷ್ಟೊಂದು ಉಚ್ಚಾರಣೆಯೇ?’ ಎಂದು ಪುಸ್ತಕ ಮುಚ್ಚಿಡುತ್ತಾರೆ. (ಕಂಜಿ ಎನ್ನುವುದನ್ನು ಗಂಜಿಯ ಪ್ರಾಸಕ್ಕೆ ಓದಿಕೊಳ್ಳಿ, ‘ಕಾಂಜಿ’ ಎಂದು ಎಳೆಯಬೇಕಿಲ್ಲ.) ಜಪಾನಿನಲ್ಲಿ ದಿನಬಳಕೆಗೆಂದು ಸರ್ಕಾರ ಗೊತ್ತುಮಾಡಿರುವ ಕಂಜಿಗಳೇ 2,136. ಅಷ್ಟನ್ನೂ ನೆನೆದು ಹೆದರುವುದಕ್ಕಿಂತ ಒಂದನ್ನು ಬೇರಿನಿಂದ ತುದಿಯವರೆಗೆ ಕಲಿಯುವುದು ಲೇಸು. ಆ ಒಂದು ಈ ಸೂರ್ಯನ ಅಕ್ಷರವಾಗಲಿ. ಜಪಾನೀ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವ 80 ಕಂಜಿಗಳಲ್ಲಿ ಇದೂ ಸೇರಿದೆ. ಕನ್ನಡ ಬಲ್ಲವರಿಗೆ ಈ ಅಕ್ಷರದ ಅರ್ಧ ಕೆಲಸ ಆಗಲೇ ಮುಗಿದಿದೆ ಎಂಬುದು ನನ್ನ ಅನುಭವ.

ಹೆಜ್ಜೆ 1: ನೋಡುವ ಮೊದಲು ಬರೆಯಿರಿ

ಈ ಲೇಖನದಲ್ಲಿ ಆ ಅಕ್ಷರವನ್ನು ಬೇಕೆಂದೇ ತೋರಿಸಿಲ್ಲ. ಚಿತ್ರ ನೋಡಿ ‘ಗೊತ್ತಾಯಿತು’ ಎಂದು ಮುಂದೆ ಹೋಗುವವರಿಗೆ ಮರುದಿನ ಅದು ನೆನಪಿರುವುದಿಲ್ಲ. ಗಣಿತದ ಚೌಕುಳಿ ಪುಸ್ತಕ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ಗೆರೆಗಳಲ್ಲಿ ಅಕ್ಷರ ಮುಗಿಯುತ್ತದೆ.

ಮೊದಲ ಗೆರೆ: ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ. ಎರಡನೆಯದು: ಅದೇ ಗೆರೆಯ ತಲೆಯಿಂದ ಹೊರಟು ಬಲಕ್ಕೆ ಹೋಗಿ, ಮೂಲೆಯಲ್ಲಿ ಕೈ ಎತ್ತದೆ ತಿರುಗಿ ಬಲಬದಿಯಲ್ಲಿ ಕೆಳಗಿಳಿಯಬೇಕು. ಇದು ಎರಡು ಗೆರೆಯಂತೆ ಕಂಡರೂ ಲೆಕ್ಕಕ್ಕೆ ಒಂದೇ. ಮೂರನೆಯದು: ನಟ್ಟನಡುವೆ ಎಡದಿಂದ ಬಲಕ್ಕೆ ಅಡ್ಡಗೆರೆ. ನಾಲ್ಕನೆಯದು: ಕೆಳಗೆ ಇನ್ನೊಂದು ಅಡ್ಡಗೆರೆ, ಪೆಟ್ಟಿಗೆಯನ್ನು ಮುಚ್ಚಲು. ಅಗಲಕ್ಕಿಂತ ಎತ್ತರ ಸ್ವಲ್ಪ ಹೆಚ್ಚಿರಲಿ. ನಡುವೆ ಒಂದು ಅಡ್ಡಪಟ್ಟಿಯಿರುವ ಹಳೆಯ ಮನೆಯ ಕಿಟಕಿಯಂತೆ ಕಂಡರೆ ಸರಿಯಾಗಿದೆ.

ಒಳಗಿನ ಗೆರೆ ಎಳೆದ ಮೇಲೆಯೇ ಕೆಳಗಿನದನ್ನು ಮುಚ್ಚಬೇಕು. ಸಾಮಾನನ್ನು ಒಳಗಿಟ್ಟು ಆಮೇಲೆ ಬಾಗಿಲು ಹಾಕಿದ ಹಾಗೆ. ಪೆಟ್ಟಿಗೆಯಾಕಾರದ ಇತರ ಕಂಜಿಗಳಿಗೂ ಈ ಕ್ರಮವೇ ನಡೆಯುತ್ತದೆ, ಆದ್ದರಿಂದ ಈಗಲೇ ಕೈಗೆ ಅಭ್ಯಾಸ ಮಾಡಿಸಿ.

ಸೂರ್ಯ ದುಂಡಗಲ್ಲವೇ, ಚೌಕ ಏಕೆ? ಚೀನಾದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಈ ಅಕ್ಷರ ನಡುವೆ ಚುಕ್ಕೆಯಿದ್ದ ವೃತ್ತವೇ ಆಗಿತ್ತು. ಆಗ ಬರೆಯುತ್ತಿದ್ದುದು ಆಮೆಯ ಚಿಪ್ಪಿನ ಮೇಲೆ, ದನದ ಮೂಳೆಯ ಮೇಲೆ. ಗಟ್ಟಿ ಮೂಳೆಯಲ್ಲಿ ಉಳಿಯಿಂದ ದುಂಡು ಕೆತ್ತುವುದು ಕಷ್ಟ. ಹಾಗಾಗಿ ವೃತ್ತಕ್ಕೆ ಮೂಲೆಗಳು ಬಂದವು, ಚುಕ್ಕೆ ಗೆರೆಯಾಯಿತು. ನಮ್ಮಲ್ಲಿ ಆದದ್ದು ಇದಕ್ಕೆ ತಿರುವುಮುರುವು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ಕನ್ನಡದ ಅಕ್ಷರಗಳು ದುಂಡಗಾದವು ಎನ್ನುವುದು ವಾಡಿಕೆಯ ವಿವರಣೆ.

ಇದರ ದಾಯಾದಿಗಳನ್ನೂ ಈಗಲೇ ಬೇರೆ ಮಾಡಿಕೊಂಡುಬಿಡಿ. ನಡುವಿನ ಗೆರೆ ತೆಗೆದರೆ ‘ಬಾಯಿ’. ಒಳಗೆ ಎರಡು ಅಡ್ಡಗೆರೆ ಇದ್ದರೆ ‘ಕಣ್ಣು’. ನೆತ್ತಿಯ ಮೇಲೊಂದು ಪುಟ್ಟ ಓರೆಗೆರೆ ಬಂದರೆ ‘ಬಿಳಿ’. ಒಳಗೆ ಅಡ್ಡವೂ ಉದ್ದವೂ ಕೂಡಿ ನಾಲ್ಕು ಕೋಣೆಗಳಾದರೆ ‘ಗದ್ದೆ’, ಬದುಗಳನ್ನು ಮೇಲಿನಿಂದ ನೋಡಿದಂತೆ.

ಹೆಜ್ಜೆ 2: ಅರ್ಥವನ್ನು ಕನ್ನಡದಲ್ಲೇ ಹಿಡಿಯಿರಿ

ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಎರಡು ಬೇರೆ ಬೇರೆ ಪದಗಳನ್ನು ಬಾಯಿಪಾಠ ಮಾಡುತ್ತಾರೆ: ಒಂದು ಸೂರ್ಯ, ಇನ್ನೊಂದು ದಿನ. ನಮಗೆ ಆ ತೊಂದರೆ ಇಲ್ಲ. ‘ಹೊತ್ತು ಹುಟ್ಟಿತು’, ‘ಹೊತ್ತು ಮುಳುಗಿತು’ ಎಂದಾಗ ಹೊತ್ತು ಎಂದರೆ ಸೂರ್ಯ. ‘ಹೊತ್ತಾಯಿತು, ಹೊರಡೋಣ’ ಎಂದಾಗ ಅದೇ ಹೊತ್ತು ಕಾಲ. ಬಾನಿನಲ್ಲಿ ಓಡುವುದನ್ನೂ ಅದರ ಓಟದಿಂದ ಅಳೆಯುವುದನ್ನೂ ಒಂದೇ ಮಾತಿನಲ್ಲಿ ಹೇಳುವುದು ನಮಗೆ ಹೊಸದಲ್ಲ. ಜಪಾನೀ ‘ಹಿ’ಯೂ ಹಾಗೆಯೇ. ‘ಹಿ ಗ ದೆರು’ ಎಂದರೆ ಹೊತ್ತು ಮೂಡುತ್ತದೆ. ‘ಹಿ ಗ ಕುರೆರು’ ಎಂದರೆ ಹೊತ್ತು ಕಂತಿ ಕತ್ತಲಾಗುತ್ತದೆ. ‘ಸೊನೊ ಹಿ’ ಎಂದರೆ ಆ ದಿನ.

ಮೂರನೆಯ ಅರ್ಥವೂ ಒಂದಿದೆ, ಜಪಾನ್ ದೇಶ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 3: ಓದುಗಳನ್ನು ಮನೆಮಾತು, ಎರವಲು ಎಂದು ವಿಂಗಡಿಸಿ

ನಿಘಂಟು ತೆರೆದರೆ ಈ ಅಕ್ಷರದ ಮುಂದೆ ನಾಲ್ಕು ಓದುಗಳಿರುತ್ತವೆ: ನಿಚಿ, ಜಿತ್ಸು, ಹಿ, ಕ. ಮೊದಲೆರಡು ಚೀನಾದಿಂದ ಬಂದ ಉಚ್ಚಾರಣೆಗಳು. ಇವಕ್ಕೆ ‘ಒನ್’ ಓದು ಎನ್ನುತ್ತಾರೆ. ಕೊನೆಯೆರಡು ಜಪಾನಿನ ಸ್ವಂತ ಮಾತುಗಳು. ಇವು ‘ಕುನ್’ ಓದು.

ಹೀಗೆ ಊಹಿಸಿಕೊಳ್ಳಿ. ಕನ್ನಡದಲ್ಲಿ ನೀರಿಗೊಂದು ಚಿತ್ರಾಕ್ಷರ ಇದೆ. ಅದು ಒಂಟಿಯಾಗಿ ನಿಂತಾಗ ‘ನೀರು’ ಎಂದು ಓದುತ್ತೇವೆ. ಅದರ ಪಕ್ಕದಲ್ಲಿ ಆಶಯದ ಅಕ್ಷರ ಬಂದ ಕೂಡಲೇ ‘ಜಲಾಶಯ’ ಎನ್ನುತ್ತೇವೆ, ‘ನೀರಾಶಯ’ ಎನ್ನುವುದಿಲ್ಲ. ಅಕ್ಷರ ಬದಲಾಗಲಿಲ್ಲ, ಸಹವಾಸ ಬದಲಾಯಿತು. ಜಪಾನೀ ಓದುಗ ಮಾಡುವುದು ಇಷ್ಟೇ.

ಹಾಗಾದರೆ ಚೀನೀ ಓದುಗಳೇ ಎರಡೇಕೆ? ಪದ ಎರಡು ಸಲ ಬಂತು. ‘ನಿಚಿ’ ಮೊದಲು ಬಂದದ್ದು; ‘ಜಿತ್ಸು’ ತಾಂಗ್ ಅರಸರ ಕಾಲದ ರಾಜಧಾನಿಯ ಉಚ್ಚಾರಣೆಯನ್ನು ಅನುಸರಿಸಿ ಆಮೇಲೆ ಬಂದದ್ದು. ಸಂಸ್ಕೃತದ ‘ಸಂಧ್ಯಾ’ ನಮ್ಮಲ್ಲಿ ಸವೆದು ‘ಸಂಜೆ’ಯಾಗಿಯೂ ಉಳಿದಿದೆ, ‘ಸಂಧ್ಯಾವಂದನೆ’ಯಲ್ಲಿ ಇದ್ದಂತೆಯೂ ಉಳಿದಿದೆ. ಅದು ತಪ್ಪು, ಇದು ಸರಿ ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ತಂತಮ್ಮ ಜಾಗವಿದೆ.

ಆ ಜಾಗಗಳನ್ನು ಪದಗಳ ಮೂಲಕವೇ ಕಲಿಯಬೇಕು. ಪದದ ಮೊದಲಲ್ಲಿ ಬಂದಾಗ ಸಾಮಾನ್ಯವಾಗಿ ‘ನಿಚಿ’: ನಿಚಿಜೋ ಎಂದರೆ ದಿನನಿತ್ಯದ ಬದುಕು. ಎಂಥ ದಿನ ಎಂದು ಹೇಳುವ ಪದಗಳ ಕೊನೆಯಲ್ಲಿ ಬಂದಾಗ ಹೆಚ್ಚಾಗಿ ‘ಜಿತ್ಸು’: ಕ್ಯೂಜಿತ್ಸು ಎಂದರೆ ರಜಾದಿನ, ಶುಕುಜಿತ್ಸು ಎಂದರೆ ಸರ್ಕಾರಿ ಹಬ್ಬದ ದಿನ, ಹೇಜಿತ್ಸು ಎಂದರೆ ಕೆಲಸದ ದಿನ. ಜಪಾನಿನ ರೈಲು ನಿಲ್ದಾಣದ ವೇಳಾಪಟ್ಟಿಯ ಮೇಲ್ಭಾಗದಲ್ಲಿ ಹೇಜಿತ್ಸು ಎಂಬುದು ಎದ್ದು ಕಾಣುತ್ತದೆ. ಅದನ್ನು ಓದಲು ಬಾರದವರು ಭಾನುವಾರದ ಪಟ್ಟಿ ನೋಡಿಕೊಂಡು ಸೋಮವಾರದ ರೈಲಿಗೆ ಕಾಯಬೇಕಾಗುತ್ತದೆ. ‘ಮೈನಿಚಿ’, ಅಂದರೆ ಪ್ರತಿದಿನ, ಈ ನಿಯಮಕ್ಕೆ ಒಗ್ಗುವುದಿಲ್ಲ. ಆದರೆ ಅದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಪದವಾದ್ದರಿಂದ ತಾನಾಗಿ ಕೂತುಬಿಡುತ್ತದೆ.

‘ನಿಚಿ’ಗೆ ಇನ್ನೊಂದು ಗುಣವಿದೆ. ಕೆಲವು ವ್ಯಂಜನಗಳ ಮುಂದೆ ಬಂದಾಗ ‘ಚಿ’ ಜಾರಿಹೋಗಿ ಮುಂದಿನ ವ್ಯಂಜನ ಒತ್ತಾಗುತ್ತದೆ. ನಿಚಿ ಮತ್ತು ಕಿ ಸೇರಿ ‘ನಿಕ್ಕಿ’, ದಿನಚರಿ ಪುಸ್ತಕ. ‘ನಿಪ್ಪೊನ್ ಸಾಂಗ್ಯೋ’ ಎಂಬ ಕಂಪನಿಯ ಹೆಸರನ್ನು ಮೊಟಕುಮಾಡಿದಾಗ ನಿಚಿ ಮತ್ತು ಸಾನ್ ಸೇರಿ ‘ನಿಸ್ಸಾನ್’ ಆಯಿತು. ಷೇರುಪೇಟೆಯ ಸೂಚ್ಯಂಕವೂ ನಿಚಿ ಮತ್ತು ಕೇ ಸೇರಿ ಆದ ‘ನಿಕ್ಕೇ’. ನಮ್ಮ ಪತ್ರಿಕೆಗಳು ಅದನ್ನು ‘ನಿಕ್ಕಿ’ ಎಂದು ಬರೆದು ದಿನಚರಿ ಪುಸ್ತಕ ಮಾಡಿಬಿಟ್ಟಿವೆ.

ಹೆಜ್ಜೆ 4: ‘ಹಿ’ ಏಕೆ ‘ಬಿ’ ಆಗುತ್ತದೆ? ಕಂಬನಿಯನ್ನು ಕೇಳಿ

ಹುಟ್ಟುಹಬ್ಬಕ್ಕೆ ‘ತಂಜೋಬಿ’ ಎನ್ನುತ್ತಾರೆ. ಕೊನೆಯ ‘ಬಿ’ ನಮ್ಮ ‘ಹಿ’ಯೇ. ಪಠ್ಯಪುಸ್ತಕಗಳು ಇದನ್ನು ‘ರೆಂದಕು’ ಎಂಬ ಹೆಸರಿನ ಬೇರೊಂದು ಅಧ್ಯಾಯ ಮಾಡುತ್ತವೆ. ನೀವು ಹೈಸ್ಕೂಲಿನಲ್ಲಿ ಆದೇಶ ಸಂಧಿ ಓದಿದ್ದರೆ ಆ ಅಧ್ಯಾಯದ ಭಯ ಬೇಡ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಸಮಾಸದ ಎರಡನೆಯ ಪದದ ಮೊದಲಿನ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತವೆ. ಜಪಾನಿಯಲ್ಲೂ ಅದೇ ಕ, ತ. ಹೊನ್ ಮತ್ತು ತ, ಅಂದರೆ ಮೂಲ ಮತ್ತು ಗದ್ದೆ, ಸೇರಿದರೆ ‘ಹೊಂದ’. ನಾವು ಹೋಂಡಾ ಎಂದು ಓಡಿಸುವ ಸ್ಕೂಟರಿನ ಹೆಸರು ಇದೇ, ಕಂಪನಿ ಕಟ್ಟಿದವರ ಮನೆತನದ ಹೆಸರು.

‘ಹ’ ಹೇಗೆ ‘ಬ’ ಆದೀತು ಎಂದು ಕೇಳಬಹುದು. ಕಂಬನಿಯನ್ನೇ ಇನ್ನೊಮ್ಮೆ ನೋಡಿ. ಇಂದಿನ ಕನ್ನಡದಲ್ಲಿ ಒಂಟಿ ಪದ ‘ಹನಿ’. ಸಮಾಸದಲ್ಲಿ ಮಾತ್ರ ‘ಬನಿ’. ಹಳಗನ್ನಡದ ಪನಿ, ಪಾಲ್, ಪೂ ಎಲ್ಲವೂ ಹನಿ, ಹಾಲು, ಹೂ ಆದವು. ಆದರೆ ಕಣ್ಣಿನ ಜೊತೆ ಮೊದಲೇ ಬೆಸೆದುಕೊಂಡಿದ್ದ ಪನಿ ‘ಬ’ಕಾರವನ್ನು ಉಳಿಸಿಕೊಂಡಿತು. ಜಪಾನೀ ಭಾಷೆಯ ‘ಹ’ಕಾರವೂ ಬಹು ಹಿಂದೆ ‘ಪ’ಕಾರವೇ ಆಗಿತ್ತು. ಅಂದರೆ ಸೂರ್ಯ ಒಂದು ಕಾಲಕ್ಕೆ ‘ಪಿ’. ಎರಡು ಭಾಷೆಗಳಿಗೆ ನೆಂಟಸ್ತಿಕೆ ಇದೆ ಎಂದು ನಾನು ಹೇಳುತ್ತಿಲ್ಲ. ನಾಲಿಗೆ ಎರಡೂ ಕಡೆ ಒಂದೇ ದಾರಿ ಹಿಡಿದಿದೆ, ಅಷ್ಟೇ. ಆದರೆ ಹನಿಯಿಂದ ಕಂಬನಿಗೆ ಹೋಗಬಲ್ಲವರು ಹಿಯಿಂದ ತಂಜೋಬಿಗೆ ಹೋಗಲು ತಡವರಿಸಬೇಕಿಲ್ಲ.

ಹೆಜ್ಜೆ 5: ತಾರೀಕುಗಳು. ಇಲ್ಲಿ ಮಾತ್ರ ಬಾಯಿಪಾಠ

‘ಕ’ ಎಂಬ ಓದು ಬರುವುದು ದಿನಗಳ ಎಣಿಕೆಯಲ್ಲಿ. ತಿಂಗಳ 2ರಿಂದ 10ರವರೆಗೆ ಹೀಗೆ: ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನನೊಕ, ಯೋಕ, ಕೊಕೊನೊಕ, ತೋಕ. ಆಮೇಲೆ 14ಕ್ಕೆ ಜೂಯೊಕ್ಕ, 20ಕ್ಕೆ ಹತ್ಸುಕ, 24ಕ್ಕೆ ನಿಜೂಯೊಕ್ಕ. 1ನೇ ತಾರೀಕೊಂದನ್ನು ಬಿಟ್ಟು ಉಳಿದವಕ್ಕೆಲ್ಲ ಸಂಖ್ಯೆಯ ಕೊನೆಗೆ ‘ನಿಚಿ’ ಅಂಟಿಸಿದರೆ ಆಯಿತು. 11 ಎಂದರೆ ಜೂಇಚಿನಿಚಿ.

ಇದು ವಿಚಿತ್ರ ಎನಿಸಿದರೆ ನಮ್ಮ ಪಂಚಾಂಗ ನೆನಪಿಸಿಕೊಳ್ಳಿ. ಒಂದು, ಎರಡು ಎಂದು ಎಣಿಸುವ ನಾವು ತಿಥಿ ಬಂದೊಡನೆ ಪಾಡ್ಯ, ಬಿದಿಗೆ, ತದಿಗೆ, ಚೌತಿ ಎನ್ನುವುದಿಲ್ಲವೇ? ಗಣೇಶನ ಹಬ್ಬವನ್ನು ಯಾರೂ ನಾಲ್ಕನೆಯ ದಿನ ಎನ್ನುವುದಿಲ್ಲ. ಜಪಾನಿನಲ್ಲಿ ಪಾಡ್ಯದ ಜಾಗದಲ್ಲಿರುವುದು ‘ತ್ಸುಇತಚಿ’, ಅಂದರೆ 1ನೇ ತಾರೀಕು. ಅದು ‘ತ್ಸುಕಿ ತಚಿ’ಯಿಂದ ಬಂದದ್ದು, ಚಂದ್ರ ಎದ್ದು ನಿಲ್ಲುವುದು. ಹಿಟಾಚಿಯಲ್ಲಿ ಹೊತ್ತು ಎದ್ದು ನಿಂತಿತ್ತು; ಇಲ್ಲಿ ಚಂದ್ರ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಯೊಕ್ಕ ಎಂದರೆ 4, ಯೋಕ ಎಂದರೆ 8. ಕಲಿಯಲು ಶುರುಮಾಡಿದ ವರ್ಷ ಪರಿಚಯದ ಜಪಾನೀ ಕುಟುಂಬವೊಂದು ಫೋನಿನಲ್ಲಿ ಊಟಕ್ಕೆ ಕರೆಯಿತು. ನಾನು ದಿನಾಂಕವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿಕೊಂಡೆ. ಆ ನಾಲ್ಕಕ್ಷರದಲ್ಲಿ ದೀರ್ಘವೂ ಇರಲಿಲ್ಲ, ಒತ್ತೂ ಇರಲಿಲ್ಲ. ಎಂಟರ ಬದಲು ನಾಲ್ಕನೇ ತಾರೀಕಿನ ಸಂಜೆ ಚಕ್ಕುಲಿಯ ಡಬ್ಬ ಹಿಡಿದು ಬಾಗಿಲು ತಟ್ಟಿದಾಗ ಮನೆಯಾಕೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಾಗಿಲು ತೆರೆದರು. ಚಕ್ಕುಲಿ ಅಂದೇ ಖಾಲಿಯಾಯಿತು; ಊಟಕ್ಕೆ ಮತ್ತೆ ನಾಲ್ಕು ದಿನ ಬಿಟ್ಟು ಹೋದೆ.

ಅಂದಿನಿಂದ ಜಪಾನೀ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಹ್ರಸ್ವ ಒ, ದೀರ್ಘ ಓ, ಹ್ರಸ್ವ ಎ, ದೀರ್ಘ ಏ, ಒತ್ತಕ್ಷರ ಎಲ್ಲವೂ ನಮ್ಮಲ್ಲಿ ಸಿದ್ಧವಾಗಿವೆ. ‘ಕತೆ’ಗೂ ‘ಕತ್ತೆ’ಗೂ, ‘ಕೊಡು’ವಿಗೂ ‘ಕೋಡು’ವಿಗೂ ಇರುವ ವ್ಯತ್ಯಾಸ ಎಳೆಯ ಮಗುವಿಗೂ ಗೊತ್ತು. ಯೊಕ್ಕ, ಯೋಕ ನಮಗೆ ತಪ್ಪಲೇಬಾರದು. ಜಪಾನಿನ ಸ್ವಂತ ಉಚ್ಚಾರಣಾ ಲಿಪಿ ಹಿರಗನ ಕೈಗೆ ಹತ್ತುವವರೆಗೆ ಇದೇ ಊರುಗೋಲು.

ಬಾಯಿಪಾಠಕ್ಕೆ ನನಗೆ ಗೊತ್ತಿರುವ ಸುಲಭ ಉಪಾಯ: ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನ ಬೆಳಿಗ್ಗೆ ಆ ದಿನದ ಚೌಕದ ಮೂಲೆಯಲ್ಲಿ ಪೆನ್ಸಿಲಿನಿಂದ ಈ ಅಕ್ಷರ ಬರೆದು ತಾರೀಕನ್ನು ಜಪಾನಿಯಲ್ಲಿ ಗಟ್ಟಿಯಾಗಿ ಹೇಳುವುದು. ಹಾಲಿನ ಲೆಕ್ಕ ಬರೆಯುವ ಮನೆಗಳಲ್ಲಿ ಇದು ಇನ್ನೂ ಸುಲಭ, ಪೆನ್ಸಿಲ್ ಅಲ್ಲೇ ತೂಗುತ್ತಿರುತ್ತದೆ.

ಹೆಜ್ಜೆ 6: ಬಿಡಿಸಲಾಗದ ಪದಗಳನ್ನು ಬಿಡಿಸಬೇಡಿ

ಇಂದು ಎಂಬುದನ್ನು ‘ಈಗ’ ಮತ್ತು ‘ದಿನ’ ಎಂಬ ಎರಡು ಕಂಜಿಗಳಲ್ಲಿ ಬರೆದು ‘ಕ್ಯೋ’ ಎಂದು ಓದುತ್ತಾರೆ. ಯಾವ ತುಂಡು ಯಾವ ಅಕ್ಷರದ್ದು ಎಂದು ಕೇಳುವಂತಿಲ್ಲ. ಇಡೀ ಜೋಡಿಗೆ ಸೇರಿ ಒಂದು ಓದು. ನಿನ್ನೆ ‘ಕಿನೋ’, ನಾಳೆ ‘ಅಶಿತ’. ಮೊನ್ನೆಗೆ ‘ಒತೊತೊಇ’, ನಾಡಿದ್ದಿಗೆ ‘ಅಸತ್ತೆ’ ಎಂಬ ಪದಗಳಿವೆ. ಇಂಗ್ಲಿಷಿನವರು ಇದಕ್ಕೆ ಮಾರುದ್ದದ ಮಾತು ಹೇಳಬೇಕು. ಆದ್ದರಿಂದ ಇವನ್ನು ಇಂಗ್ಲಿಷ್ ಪಟ್ಟಿಯಿಂದ ಕಲಿಯದೆ ಮೊನ್ನೆ, ನಿನ್ನೆ, ಇಂದು, ನಾಳೆ, ನಾಡಿದ್ದು ಎಂಬ ನಮ್ಮ ಸಾಲಿನ ಪಕ್ಕದಲ್ಲೇ ಬರೆದಿಡಿ.

‘ಕ್ಯೋ’ ಎಂದು ಓದುವ ಅದೇ ಜೋಡಿಯನ್ನು ಗಂಭೀರವಾಗಿ ‘ಕೊನ್ನಿಚಿ’ ಎಂದೂ ಓದಬಹುದು. ‘ಕೊನ್ನಿಚಿ ವ’ ಎಂದರೆ ‘ಇಂದಿನ ದಿನವಾದರೋ…’ ಎಂದು ಅರ್ಧಕ್ಕೆ ನಿಂತ ವಾಕ್ಯ. ಜಪಾನೀ ಬಾರದವರಿಗೂ ಗೊತ್ತಿರುವ ಆ ನಮಸ್ಕಾರ ಇದೇ.

ಹೆಜ್ಜೆ 7: ವಾರದ ಏಳು ದಿನ

ಭಾನುವಾರ ‘ನಿಚಿಯೋಬಿ’. ಮೂರು ಕಂಜಿಗಳ ಈ ಪದದಲ್ಲಿ ನಮ್ಮ ಅಕ್ಷರ ಮೊದಲೂ ಇದೆ, ಕೊನೆಗೂ ಇದೆ. ಮೊದಲು ‘ನಿಚಿ’, ಕೊನೆಗೆ ‘ಬಿ’. ಮೊದಲಿನದು ಸೂರ್ಯ, ಕೊನೆಯದು ದಿನ. ನಡುವಿನ ‘ಯೋ’ ಹೊಳೆಯುವ ಗ್ರಹ. ಭಾನು ಮತ್ತು ವಾರ ಇದ್ದ ಹಾಗೆಯೇ.

ಉಳಿದವೂ ನಮ್ಮ ಗ್ರಹಗಳೇ. ಸೋಮವಾರ ಗೆತ್ಸುಯೋಬಿ, ಚಂದ್ರನ ದಿನ. ಮಂಗಳವಾರ ಕಯೋಬಿ, ಬೆಂಕಿಯ ದಿನ. ಮಂಗಳ ಗ್ರಹಕ್ಕೆ ಜಪಾನಿಯಲ್ಲಿ ಬೆಂಕಿಯ ನಕ್ಷತ್ರ ಎನ್ನುತ್ತಾರೆ. ಬುಧ ನೀರು, ಗುರು ಮರ, ಶುಕ್ರ ಲೋಹ, ಶನಿ ಮಣ್ಣು: ಸುಇಯೋಬಿ, ಮೊಕುಯೋಬಿ, ಕಿನ್‌ಯೋಬಿ, ದೊಯೋಬಿ. ಈ ಹೋಲಿಕೆ ಆಕಸ್ಮಿಕವಲ್ಲ. 8ನೇ ಶತಮಾನದಲ್ಲಿ ಬೌದ್ಧ ಪಂಡಿತ ಅಮೋಘವಜ್ರ ಭಾರತದ ಗ್ರಹ, ನಕ್ಷತ್ರ, ವಾರಗಳ ಶಾಸ್ತ್ರವನ್ನು ಚೀನೀ ಭಾಷೆಗೆ ತಂದ. ಜಪಾನೀ ಭಿಕ್ಷು ಕೂಕೈ 806ರಲ್ಲಿ ಚೀನಾದಿಂದ ಮರಳುವಾಗ ಆ ಗ್ರಂಥವನ್ನು ಹೊತ್ತುಕೊಂಡು ಹೋದ. ಭಾನುವಾರ ಕಚೇರಿಗೆ ರಜೆ ಎಂಬ ಪದ್ಧತಿ ಮಾತ್ರ ಅಲ್ಲಿ ಶುರುವಾದದ್ದು 1876ರಲ್ಲಿ. ಸಾವಿರ ವರ್ಷ ವಾರಗಳಿದ್ದವು, ವಾರದ ರಜೆ ಇರಲಿಲ್ಲ.

ಹೆಜ್ಜೆ 8: ದೇಶದ ಹೆಸರು

ಈ ಅಕ್ಷರದ ಪಕ್ಕದಲ್ಲಿ, ಮರದ ಬುಡಕ್ಕೆ ಗೆರೆ ಎಳೆದ ‘ಹೊನ್’ ಅನ್ನು ಇಟ್ಟರೆ ‘ನಿಹೊನ್’, ಸೂರ್ಯನ ಮೂಲ. ಹೋಂಡಾದಲ್ಲಿ ಕಂಡ ಅದೇ ಹೊನ್. ಚೀನಾದ ಕಡೆಯಿಂದ ನೋಡಿದರೆ ಹೊತ್ತು ಹುಟ್ಟುವ ದಿಕ್ಕು ಅದು. ‘ನಿಪ್ಪೊನ್’ ಎಂದೂ ಓದುತ್ತಾರೆ. ನಮ್ಮ ಹಳೆಯ ‘ಪೊನ್’ ಹೊನ್ನಾದದ್ದನ್ನು ನೆನೆದರೆ ಅಲ್ಲಿನ ‘ಪ’ಕಾರದ ಗುಟ್ಟು ಹೊಳೆಯುತ್ತದೆ. ಎರಡೂ ಸರಿ. ಯಾವುದಾದರೂ ಒಂದೇ ಇರಬೇಕಾಗಿಲ್ಲ ಎಂದು 2009ರಲ್ಲಿ ಅಲ್ಲಿನ ಸರ್ಕಾರವೇ ಹೇಳಿತು.

ಈ ಹೆಸರಿನ ದೆಸೆಯಿಂದ ‘ನಿಚಿ’ ಎಂದರೆ ಜಪಾನ್ ಎಂದೂ ಅರ್ಥ ಬಂದಿದೆ. ‘ರೈನಿಚಿ’ ಎಂದರೆ ಜಪಾನಿಗೆ ಬರುವುದು. ‘ನಿಚಿಇನ್’ ಎಂದರೆ ಜಪಾನ್ ಮತ್ತು ಭಾರತ. ‘ನಿಚಿಇನ್ ಕ್ಯೋಕೈ’ ಎಂಬ ಜಪಾನ್ ಭಾರತ ಸಂಘ 1903ರಲ್ಲೇ ಹುಟ್ಟಿತು. ಜಪಾನಿನ ಯಾವುದೇ ನೋಟು ಕೈಗೆ ಸಿಕ್ಕರೆ ಬ್ಯಾಂಕಿನ ಹೆಸರಿನ ಮೊದಲ ಅಕ್ಷರ ನೋಡಿ. ಪೆನ್ನಿನ ಪೆಟ್ಟಿಗೆಯ ಮೇಲೆ ‘ನಿಹೊನ್‌ಸೇ’, ಅಂದರೆ ಜಪಾನಿನಲ್ಲಿ ತಯಾರಾದದ್ದು ಎಂದಿದ್ದರೆ ಅಲ್ಲೂ ಮೊದಲು ಇದೇ ಕಿಟಕಿ.

ಹೆಜ್ಜೆ 9: ಮೊಬೈಲಿನಲ್ಲಿ ಬರೆಸಿ, ಆಮೇಲೆ ಒಂದು ಪರೀಕ್ಷೆ

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಜಪಾನೀ ಕೀಬೋರ್ಡ್ ಸೇರಿಸಿಕೊಳ್ಳಿ. ‘ಹಿ’ ಎಂದು ಒತ್ತಿದರೆ ಮೇಲೆ ಕಂಜಿಗಳ ಸಾಲೇ ಬರುತ್ತದೆ. ಬೆಂಕಿಗೂ ‘ಹಿ’ ಎಂದೇ ಹೆಸರು, ಆದ್ದರಿಂದ ನೋಡಿ ಆರಿಸಬೇಕು. ಬೆರಳಿನಿಂದ ಬರೆಯುವ ಕೀಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು. ನೀವು ಬರೆದ ಕಿಟಕಿ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಮುದ್ರಿತ ನಿಘಂಟಿನಲ್ಲಿ ಹುಡುಕುವವರು ಇದೇ ಒಂದು ಮೂಲಾಂಗ, ಅಂದರೆ ಕಂಜಿಗಳನ್ನು ಗುಂಪು ಮಾಡಲು ನಿಘಂಟು ಬಳಸುವ ಮೂಲ ತುಂಡು, ಎಂಬುದನ್ನು ನೆನಪಿಡಿ. 214 ಮೂಲಾಂಗಗಳ ಸಾಂಪ್ರದಾಯಿಕ ಪಟ್ಟಿಯಲ್ಲಿ ಇದರ ಸಂಖ್ಯೆ 72.

ಈಗ ಈ ಮಾತುಗಳನ್ನು ಜೋರಾಗಿ ಓದಿ: ‘ಕ್ಯೋ ವ ಜೂಇಚಿಗತ್ಸು ಮಿಕ್ಕ, ನಿಚಿಯೋಬಿ. ಶುಕುಜಿತ್ಸು ದೆಸು. ಈ ಹಿ ದೆಸು.’ ಇಂದು ನವೆಂಬರ್ 3, ಭಾನುವಾರ. ಹಬ್ಬದ ದಿನ. ಒಳ್ಳೆಯ ದಿನ. (‘ಈ’ ಎಂದರೆ ಒಳ್ಳೆಯ; ಕನ್ನಡದ ಈ ಅಲ್ಲ.) ನವೆಂಬರ್ 3 ಜಪಾನಿನಲ್ಲಿ ಸಂಸ್ಕೃತಿ ದಿನ, ನಮ್ಮ ರಾಜ್ಯೋತ್ಸವವಾದ ಎರಡು ದಿನಕ್ಕೆ ಬರುತ್ತದೆ, 2024ರಲ್ಲಿ ಅದು ಭಾನುವಾರವೇ ಬಿದ್ದಿತ್ತು. ಇಷ್ಟು ಮಾತಿನಲ್ಲಿ ನಮ್ಮ ಅಕ್ಷರ ಆರು ಸಲ ಬಂದಿದೆ, ಆರು ಸಲವೂ ಬೇರೆ ಬೇರೆ ದನಿಯಲ್ಲಿ. ಆರನ್ನೂ ಬೆರಳಿಟ್ಟು ತೋರಿಸಲು ಆದರೆ ಮುಂದಕ್ಕೆ ಹೋಗಬಹುದು.

ಮುಂದಿನದು

ಈ ಅಕ್ಷರ ಬೇರೆ ಕಂಜಿಗಳ ಒಳಗೂ ಸೇರಿಕೊಳ್ಳುತ್ತದೆ. ಕೆಳಗೊಂದು ಅಡ್ಡಗೆರೆ, ನೆಲದಂತೆ, ಬಂದರೆ ಬೆಳಗು. ಎಡಕ್ಕೆ ಇದು, ಬಲಕ್ಕೆ ನೀಲಿಯ ಅಕ್ಷರ ಇದ್ದರೆ ತಿಳಿಯಾದ ಬಾನು. ಮೂರನ್ನು ಒಟ್ಟಿದರೆ ಸ್ಫಟಿಕ. ಇದರ ಬಲಕ್ಕೆ ಚಂದ್ರನನ್ನು ನಿಲ್ಲಿಸಿದರೆ ಬೆಳಕು.

ಆದ್ದರಿಂದ ಎರಡನೆಯ ಕಂಜಿಯಾಗಿ ಚಂದ್ರನನ್ನೇ ಹಿಡಿಯಿರಿ. ಅದೂ ನಾಲ್ಕೇ ಗೆರೆ. ಕಿಟಕಿಯ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಸರಿಸಿ, ಎಡಗಾಲನ್ನು ಸ್ವಲ್ಪ ಹೊರಕ್ಕೆ ಬಾಗಿಸಿದ ಹಾಗೆ. ‘ತ್ಸುಕಿ’ ಎಂದರೆ ಬಾನಿನ ಚಂದ್ರನೂ ಹೌದು, ಕ್ಯಾಲೆಂಡರಿನ ಮಾಸವೂ ಹೌದು. ಕನ್ನಡದಲ್ಲಿ ಅದಕ್ಕೆ ಒಂದೇ ಪದ: ತಿಂಗಳು. ‘ಬೆಳದಿಂಗಳು’ ಎನ್ನುವಾಗ ‘ತ’ ಹೇಗೆ ‘ದ’ ಆಯಿತೆಂದು ನಿಮಗೀಗ ಗೊತ್ತು.